ಇಳಿದಾಗ ಕೊಂಡವರ ಬೀದಿ

ನಮ್ಮ ಊರಿನಲ್ಲಿ ಯಾರ ಯೋಗಕ್ಷೇಮವನ್ನೂ ಬಾಯಿಬಿಟ್ಟು ಕೇಳುವ ಪದ್ಧತಿ ಇಲ್ಲ. ಹೊಸ್ತಿಲು ನೋಡಿದರೆ ಸಾಕು. ಮನೆಯ ಯಜಮಾನ ಕೊಂಡ ಷೇರು ಏರಿದರೆ ಮನೆ ಏರುತ್ತದೆ, ಇಳಿದರೆ ಮನೆ ನೆಲದೊಳಕ್ಕೆ ಇಳಿಯುತ್ತದೆ. ಏರಿದ ಮನೆಯವರು ಬಾಗಿಲ ಮುಂದೆ ಮೆಟ್ಟಿಲು ಕಟ್ಟಿಸಿ, ಬಂದವರಿಗೆಲ್ಲ "ನಿಧಾನ ಬನ್ನಿ, ನಮ್ಮಲ್ಲಿ ಮೆಟ್ಟಿಲು ಜಾಸ್ತಿ" ಎಂದು ಎಚ್ಚರಿಸುವ ನೆಪದಲ್ಲಿ ಎಣಿಸಿ ತೋರಿಸುತ್ತಾರೆ. ಇಳಿದ ಮನೆಯವರು, ಬಗ್ಗಿ ಒಳಗೆ ಹೋಗುವುದು ಬೆನ್ನಿಗೆ ಒಳ್ಳೆಯದೆಂದು ಯಾವುದೋ ಡಾಕ್ಟರು ಹೇಳಿದ್ದನ್ನು ನೆನಪಿಸಿಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರು ಕೈ ತೊಳೆಯುವ ನೆಪ ಮಾಡಿ ಹೊರಗೆ ಹೋಗಿ, ಗೋಡೆಯ ಬುಡವನ್ನು ಒಂದು ಸಲ ನೋಡಿಕೊಂಡು ಬಂದು ಆಮೇಲೆ ಉಪ್ಪಿಟ್ಟಿಗೆ ಕೈ ಹಾಕುತ್ತಾರೆ. ಇದೆಲ್ಲ ನಮ್ಮಜ್ಜನ ಕಾಲದಿಂದ ನಡೆದುಕೊಂಡು ಬಂದದ್ದು.

ಷೇರು ಮಾರಿದರೆ ಮನೆ ಆ ದಿನ ಎಲ್ಲಿರುತ್ತದೋ ಅಲ್ಲೇ ಬೇರುಬಿಡುತ್ತದೆ, ಮತ್ತೆ ಏಳುವುದಿಲ್ಲ. ಆದ್ದರಿಂದ ಇಳಿದ ಮನೆಯವರ ಮುಂದೆ ಯಾರೂ ಮಾರುವ ಮಾತೆತ್ತುವುದಿಲ್ಲ. ಆದರೆ ಇಳಿದ ಬೆಲೆಗೆ ಅದೇ ಷೇರನ್ನು ಇನ್ನಷ್ಟು ಕೊಂಡರೆ, ಅವತ್ತು ಸಂಜೆ ಮನೆ ಒಂದಿಷ್ಟು ಮೇಲೇಳುತ್ತದೆ. ಏಳುವಾಗ ಅಡುಗೆಮನೆಯ ಪಾತ್ರೆಗಳು ಒಂದು ಸಲ ಗಲಗಲ ಅನ್ನುತ್ತವೆ. ಆ ಸದ್ದಿನ ಸುಖ ಕೇಳಿದವರಿಗೇ ಗೊತ್ತು.

ನಾನು ತಿಪ್ಪೇಸ್ವಾಮಿ, ಪುರಸಭೆಯ ಅಳತೆಗಾರ. ಮಧ್ಯಾಹ್ನ ಮೂರೂವರೆಗೆ ಷೇರುಪೇಟೆ ಮುಚ್ಚಿದ ಮೇಲೆ, ಮನೆಗಳು ಏರಿ ಇಳಿದು ಒಂದು ಕಡೆ ನಿಂತ ಮೇಲೆ, ಕೆಂಪು ಬಿಳಿ ಪಟ್ಟೆಯ ಎಂಟಡಿ ಕೋಲು ಹಿಡಿದು ಬೀದಿಗಿಳಿಯುತ್ತೇನೆ. ಕೋಲನ್ನು ಬೀದಿಯಲ್ಲಿ ಊರಿ, ಹೊಸ್ತಿಲು ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂದು ನೋಡಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಬೀದಿಯಿಂದಲೇ ಅಳೆಯಬೇಕೆಂದು ನಿಯಮದ ಪುಸ್ತಕದಲ್ಲಿದೆ. ಇಪ್ಪತ್ತೆರಡು ವರ್ಷ ಹಾಗೇ ಅಳೆದಿದ್ದೇನೆ. ಆಗೆಲ್ಲ ಜನ ಸಕ್ಕರೆ ಕಾರ್ಖಾನೆ, ಸಿಮೆಂಟು, ಬ್ಯಾಂಕು ಇಂಥ ಷೇರು ಕೊಳ್ಳುತ್ತಿದ್ದರು. ಮನೆಗಳು ವರ್ಷಕ್ಕೆ ಒಂದು ಬೆರಳು ಏರುತ್ತಿದ್ದವು, ಅರ್ಧ ಬೆರಳು ಇಳಿಯುತ್ತಿದ್ದವು. ನನ್ನ ಕೆಲಸ ಪಿಂಚಣಿ ಬಂದಷ್ಟೇ ಸುಖವಾಗಿತ್ತು.

ಹಾಗಿರುವಾಗ ಮುಂಬೆಳಗು ಟೆಕ್ನಾಲಜೀಸ್ ಬಂತು. ಬಸ್ ಸ್ಟ್ಯಾಂಡಿನ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ರೇಣುಕೇಶ ರಾತ್ರಿ ಬೆಳಗಾಗುವುದರೊಳಗೆ ಷೇರು ಏಜೆಂಟನಾಗಿ ಬೋರ್ಡು ಬದಲಾಯಿಸಿದ. ಕಂಪನಿ ಏನು ತಯಾರಿಸುತ್ತದೆ ಎಂದು ಕೇಳಿದರೆ ಅವನ ಮುಖ ಅರಳುತ್ತಿತ್ತು. "ನಮಗೆ ಏನು ಬೇಕು ಅಂತ ನಮಗೇ ಗೊತ್ತಾಗೋಕೆ ಮುಂಚೆ ಅದಕ್ಕೆ ಗೊತ್ತಾಗುತ್ತೆ ಕಣ್ರೀ, ಅಂಥ ಯಂತ್ರ" ಎನ್ನುತ್ತಿದ್ದ. ಮಂಡಕ್ಕಿ ಭಟ್ಟಿಯ ಹಾಲೇಶಪ್ಪ ಮಾತ್ರ "ಅದರಲ್ಲಿ ಮಂಡಕ್ಕಿ ಹುರಿಯೋಕಾಗುತ್ತಾ?" ಎಂದು ಕೇಳಿದ್ದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಯಂತ್ರದ ವಿಷಯ ನನಗೂ ಅವನಷ್ಟೇ ಗೊತ್ತಿತ್ತು.

ನೂರು ರೂಪಾಯಿಯ ಆ ಷೇರು ಒಂದು ವಾರದಲ್ಲಿ ಎಪ್ಪತ್ತಕ್ಕೆ ಬಿತ್ತು. ಬೀಳುವವರೆಗೆ ನಮ್ಮ ಬೀದಿಯ ಯಾರೂ ಅದನ್ನು ಕೊಂಡಿರಲಿಲ್ಲ. ಬಿದ್ದ ದಿನ ರೇಣುಕೇಶ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ನಿಂತು, "ಆಷಾಢದಲ್ಲಿ ಸೀರೆ ಕಮ್ಮಿ ರೇಟಿಗೆ ಕೊಟ್ರೆ ಸೀರೆ ಕೆಟ್ಟಿದೆ ಅಂತೀರಾ? ಅಂಗಡಿ ಬಾಗಿಲು ಮುರಿದುಕೊಂಡು ಹೋಗಲ್ವಾ? ಇದೂ ಅಷ್ಟೇ" ಎಂದ. ನಮ್ಮವರಿಗೆ ಹಣಕಾಸಿನ ಮಾತು ಅಷ್ಟಾಗಿ ಹತ್ತುವುದಿಲ್ಲ, ಆಷಾಢದ ರಿಯಾಯಿತಿ ಎಂದರೆ ಮಾತ್ರ ಹುಟ್ಟಿದ ಮಗುವಿಗೂ ಅರ್ಥವಾಗುತ್ತದೆ. ಮಧ್ಯಾಹ್ನದೊಳಗೆ ಸಾಲು ಬಸ್ ಸ್ಟ್ಯಾಂಡು ದಾಟಿ ಅಂಚೆ ಕಚೇರಿಯವರೆಗೆ ಬೆಳೆಯಿತು.

ಹಾಲೇಶಪ್ಪನೂ ಸಾಲಿನಲ್ಲಿದ್ದ. ಅವನು ಬುದ್ಧಿವಂತನಾಗಿದ್ದರಿಂದ ಉಳಿದುಕೊಂಡ ಎಂದು ಈಗ ಕೆಲವರು ಹೇಳುತ್ತಾರೆ, ಅದು ಸುಳ್ಳು. ಅರ್ಜಿಗೆ ಅಂಟಿಸಿದ ಫೋಟೋದಲ್ಲಿ ಅವನ ಕಣ್ಣು ಮುಚ್ಚಿಕೊಂಡಿತ್ತು. ರೇಣುಕೇಶ ಕಣ್ಣು ಬಿಟ್ಟಿರುವ ಫೋಟೋ ತೆಗೆಸಿಕೊಂಡು ಬಾ ಎಂದ. ಹಾಲೇಶಪ್ಪ ಸ್ಟುಡಿಯೋಗೆ ಎರಡು ಸಲ ಹೋದ, ಎರಡು ಸಲವೂ ಫ್ಲ್ಯಾಶು ಬಿದ್ದೊಡನೆ ಕಣ್ಣು ಮುಚ್ಚಿದ. ಮೂರನೆಯ ಸಲ ಸ್ಟುಡಿಯೋದವನು ಹೆಚ್ಚು ದುಡ್ಡು ಕೇಳಿದನೆಂದು ಮುನಿಸಿಕೊಂಡು ಭಟ್ಟಿಗೆ ವಾಪಸು ಹೋದ. ಕಣ್ಣು ಬಿಟ್ಟುಕೊಂಡಿದ್ದ ನಾವೆಲ್ಲ ಕೊಂಡೆವು.

ನಾನು ಕೊಳ್ಳುವ ಮೊದಲು ನನ್ನ ಹೆಂಡತಿ ದಾಕ್ಷಾಯಣಿಯನ್ನು ಕೇಳಿದ್ದೆ. ಅವಳು ಟೈಲರ್. ಬೀದಿಯ ಅರ್ಧದಷ್ಟು ರವಿಕೆಗಳು ಅವಳ ಮಿಷನ್ನಿನ ಸೂಜಿಯ ಕೆಳಗೆ ಹಾದು ಬಂದಂಥವು. ನಮ್ಮ ಪಡಸಾಲೆಯ ಕಿಟಕಿ ದೊಡ್ಡದು, ಬೀದಿಯ ಕಡೆಗೆ ತೆರೆಯುತ್ತದೆ. ಅವಳ ಮಿಷನ್ನು ಆ ಕಿಟಕಿಯ ಬುಡದಲ್ಲಿ. ಟ್ಯೂಬ್‌ಲೈಟಿನಲ್ಲಿ ಅವಳಿಗೆ ನೀಲಿ ದಾರವೂ ಕಪ್ಪು ದಾರವೂ ಒಂದೇ ಥರ ಕಾಣುತ್ತದೆ, ಹೊಲಿದರೆ ಹಗಲ ಬೆಳಕಿನಲ್ಲೇ ಹೊಲಿಯಬೇಕು. "ಏನಾದರೂ ಕೊಂಡ್ಕೊಳ್ಳಿ, ನಂಗೆ ಅದೆಲ್ಲ ತಿಳಿಯಲ್ಲ. ನನ್ನ ಕಿಟಕಿ ಮಾತ್ರ ಮುಳುಗಬಾರದು" ಎಂದಳು. ಮುಳುಗುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಇಪ್ಪತ್ತೆರಡು ವರ್ಷ ಊರಿನ ಹೊಸ್ತಿಲು ಅಳೆದವನ ಮಾತು ಅದು, ಅವಳು ನಂಬಿದಳು.

ಷೇರು ಐವತ್ತೆಂಟಾಯಿತು. ಮನೆಗಳು ಮೊಣಕಾಲುದ್ದ ಇಳಿದವು. ಬೀದಿ ಸ್ವಲ್ಪ ಗಾಬರಿಯಾಯಿತು, ಆದರೆ ರೇಣುಕೇಶ ನಗುತ್ತಿದ್ದ. "ಎಪ್ಪತ್ತಕ್ಕೆ ಬೇಕಾಗಿದ್ದುದು ಐವತ್ತೆಂಟಕ್ಕೆ ಬೇಡ್ವಾ?" ಎಂದ. ಎಲ್ಲರೂ ಇನ್ನಷ್ಟು ಕೊಂಡೆವು. ಸಂಜೆ ಬೀದಿಯುದ್ದಕ್ಕೂ ಪಾತ್ರೆಗಳು ಗಲಗಲ ಎಂದವು, ಮನೆಗಳು ಒಂದು ಗೇಣು ಮೇಲೆದ್ದವು. ಕೆಲವರು ಪಾಯಸ ಮಾಡಿದರು. ಮಾರನೆಯ ವಾರ ನಲವತ್ನಾಲ್ಕಾಯಿತು.

ಆಗ ಪುರಸಭೆಯ ಅಧ್ಯಕ್ಷರು ಒಂದು ದೊಡ್ಡ ಕೆಲಸ ಮಾಡಿದರು. ಬೀದಿಯ ಡಾಂಬರಿಗೆಂದು ಬಂದಿದ್ದ ಹಣವನ್ನೆಲ್ಲ ಮುಂಬೆಳಗಿಗೆ ಹಾಕಿದರು. ಜನ ಕಷ್ಟದಲ್ಲಿರುವಾಗ ಪುರಸಭೆ ಜನರ ಜೊತೆಗಿರಬೇಕು ಎಂದು ಭಾಷಣವನ್ನೂ ಮಾಡಿದರು. ಅದಾದ ಮೇಲೆ ಷೇರು ಮೂವತ್ತೊಂದಕ್ಕೆ ಬಿದ್ದಾಗ ಮನೆಗಳ ಜೊತೆ ಬೀದಿಯೂ ಇಳಿಯಿತು. ದೀಪದ ಕಂಬ, ನಲ್ಲಿ, ಅರಳಿಕಟ್ಟೆ, ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದ ನಾಲ್ವರು, ಎಲ್ಲ ಒಟ್ಟಿಗೆ. ಆಡುತ್ತಿದ್ದವರು ಎಲೆ ಕೆಳಗಿಡಲಿಲ್ಲ.

ಅವತ್ತು ಸಂಜೆ ನಾನು ಕೋಲು ಊರಿ ಅಳೆದೆ. ಮೊದಲ ಮನೆ, ಸೊನ್ನೆ. ಎರಡನೆಯ ಮನೆ, ಸೊನ್ನೆ. ಕಲಾವತಿ ಟೀಚರ ಮನೆ, ಸೊನ್ನೆ. ಬೀದಿಯ ಮಟ್ಟಕ್ಕೆ ಸರಿಯಾಗಿ ಎಲ್ಲರ ಹೊಸ್ತಿಲೂ ಕೂತಿತ್ತು. ನಾನು ಸೊನ್ನೆ ಬರೆಯುತ್ತಾ ಹೋದಂತೆ ಹಿಂದೆ ಜನ ಗುಂಪು ಕಟ್ಟಿದರು, ಯಾರೋ ಚಪ್ಪಾಳೆ ತಟ್ಟಿದರು. ನಷ್ಟವೆಲ್ಲ ಒಂದೇ ದಿನದಲ್ಲಿ ತೀರಿತು ಎಂದು ಅಧ್ಯಕ್ಷರಿಗೆ ಹಾರ ಹಾಕಿದರು. ಆಕಾಶ ಸ್ವಲ್ಪ ಚಿಕ್ಕದಾಗಿ ಕಾಣುತ್ತಿತ್ತು, ನಿಜ. ಅದನ್ನು ಅಳೆಯುವುದು ನನ್ನ ಕೆಲಸವಲ್ಲ.

ಒಂದೇ ಒಂದು ಮನೆ ಲೆಕ್ಕಕ್ಕೆ ಸಿಗಲಿಲ್ಲ. ಬೀದಿಯ ತುದಿಯಲ್ಲಿ ಹಾಲೇಶಪ್ಪನ ಮನೆ ಮಣ್ಣಿನ ಗೋಡೆಯಂಥ ದಿಬ್ಬದ ಮೇಲೆ ನಿಂತಿತ್ತು. ಎಂಟಡಿ ಕೋಲು ಸಾಲದೆ ನಾನು ನಾಲ್ಕು ಕೋಲುಗಳನ್ನು ಹಗ್ಗದಿಂದ ಬಿಗಿದು ಅಳೆದೆ. ಇಪ್ಪತ್ತೇಳು ಅಡಿ ಬಂತು. ಪುಸ್ತಕದಲ್ಲಿ ಬರೆದೆ: ಹಾಲೇಶಪ್ಪ, ಏರಿಕೆ, ಇಪ್ಪತ್ತೇಳು ಅಡಿ. ಊರಿನ ಇತಿಹಾಸದಲ್ಲೇ ಅಷ್ಟು ಏರಿದ ಮನೆ ಇರಲಿಲ್ಲ. ಎರಡು ದಿನದಲ್ಲಿ ಪುರಸಭೆ ಅವನಿಗೆ ನೋಟಿಸು ಕಳಿಸಿತು: ಅನುಮತಿಯಿಲ್ಲದೆ ಮನೆಯನ್ನು ಎತ್ತರಿಸಿ, ನೆರೆಯವರ ಗಾಳಿ ಬೆಳಕಿಗೆ ಅಡ್ಡಿ ಮಾಡಿದ್ದಕ್ಕೆ ಕಾರಣ ಕೇಳಿ. ತಲುಪಿಸುವವನು ನಾನೇ.

ಹಾಲೇಶಪ್ಪ ನೂಲೇಣಿ ಬಿಟ್ಟು ನನ್ನನ್ನು ಹತ್ತಿಸಿಕೊಂಡ. ಅಷ್ಟರಲ್ಲಿ ಅವನು ಹಗ್ಗಕ್ಕೆ ಬುಟ್ಟಿ ಕಟ್ಟಿ ಮಂಡಕ್ಕಿ ಕೆಳಗೆ ಇಳಿಸುವ ಏರ್ಪಾಟು ಮಾಡಿಕೊಂಡಿದ್ದ, ವ್ಯಾಪಾರಕ್ಕೆ ಕುಂದಿರಲಿಲ್ಲ. ನೋಟಿಸು ಓದಿಸಿಕೊಂಡು ಕೇಳಿ, "ತಿಪ್ಪಣ್ಣ, ನಾನು ಇದ್ದಲ್ಲೇ ಇದ್ದೀನಲ್ಲೋ" ಎಂದ.

"ಕೋಲು ಹಾಗೆ ಹೇಳಲ್ಲ" ಎಂದೆ.

"ಕೋಲು ಊರಿದ್ದು ಎಲ್ಲಿ?"

"ಬೀದಿಯಲ್ಲಿ. ರೂಲ್ಸಿನ ಪ್ರಕಾರ."

ಅವನು ಒಂದು ಬೊಗಸೆ ಮಂಡಕ್ಕಿ ಕೊಟ್ಟು ಕಳಿಸಿದ. ಅವನಿಗೆ ದುರಹಂಕಾರ ಬಂದಿದೆ ಎಂದು ನಾನು ಕೆಳಗೆ ಬಂದು ಹೇಳಿದೆ. ಎಲ್ಲರೂ ತಲೆಯಾಡಿಸಿದರು.

ದಾಕ್ಷಾಯಣಿ ತಲೆಯಾಡಿಸಲಿಲ್ಲ. ಅವಳ ಕಿಟಕಿ ಬೀದಿಯ ಮಟ್ಟದಿಂದ ಒಂದು ಇಂಚೂ ಕೆಳಗಿರಲಿಲ್ಲ, ನಾನೇ ಅಳೆದಿದ್ದೆ. ಆದರೆ ಬೆಳಗ್ಗೆ ಹತ್ತೂವರೆಯವರೆಗೆ ಸೂಜಿಗೆ ಬೆಳಕು ಬರುತ್ತಿರಲಿಲ್ಲ, ಎರಡು ಗಂಟೆಗೆ ಹೊರಟು ಹೋಗುತ್ತಿತ್ತು. "ಹಾಲೇಶಣ್ಣನ ಮನೆ ಎದ್ದಿಲ್ಲ ರೀ, ನಾವು ಇಳಿದಿದ್ದೀವಿ" ಎಂದಳು. ನಾನು ಅಳತೆಯ ಪುಸ್ತಕ ತೆಗೆದು ಸೊನ್ನೆ ತೋರಿಸಿದೆ. ಅವಳು ಪುಸ್ತಕದ ಮೇಲೆ ಒಂದು ನೀಲಿ ದಾರದ ತುಂಡು, ಒಂದು ಕಪ್ಪು ದಾರದ ತುಂಡು ಇಟ್ಟು, "ಯಾವುದು ನೀಲಿ ಹೇಳಿ" ಎಂದಳು. ನಾನು ಹೇಳಿದ್ದು ತಪ್ಪಾಯಿತು. ಆದರೂ ಒಪ್ಪಿಕೊಳ್ಳಲಿಲ್ಲ. ಒಪ್ಪಿಕೊಂಡರೆ ಬೀದಿಯ ಅಷ್ಟೂ ಸೊನ್ನೆಗಳನ್ನು ನಾನೇ ಅಳಿಸಬೇಕಾಗುತ್ತಿತ್ತು.

ಅದೇ ಹೊತ್ತಿಗೆ ಅವಳಿಗೆ ಬದುಕಿನಲ್ಲೇ ದೊಡ್ಡ ಕೆಲಸ ಸಿಕ್ಕಿತು. ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಕಲಾವತಿ ಟೀಚರು ಇನ್ನೂರು ಮಕ್ಕಳ ಯೂನಿಫಾರಂ ಅವಳಿಗೇ ವಹಿಸಿದರು. ಕಡುನೀಲಿ ಲಂಗ, ಬಿಳಿ ಅಂಗಿ, ಶಾಲೆ ಶುರುವಾಗುವುದರೊಳಗೆ. ಇದುವರೆಗೆ ಆ ಕೆಲಸ ಪಕ್ಕದ ಊರಿನ ದೊಡ್ಡ ಅಂಗಡಿಗೆ ಹೋಗುತ್ತಿತ್ತು. ಈ ಸಲ ಚೆನ್ನಾಗಿ ಆದರೆ ಪ್ರತಿ ವರ್ಷವೂ ನಿಮಗೇ ಎಂದಿದ್ದರು ಟೀಚರು. ದಾಕ್ಷಾಯಣಿ ಮೂರು ದಿನ ಮನೆಮನೆಗೆ ಹೋಗಿ ಇನ್ನೂರು ಮಕ್ಕಳ ಅಳತೆ ತೆಗೆದುಕೊಂಡು ಬಂದಳು. ಅವಳು ಹಾಗೆ ಹಾಡಿಕೊಂಡು ಓಡಾಡಿದ್ದನ್ನು ನಾನು ಮದುವೆಯಾದ ಹೊಸದರಲ್ಲಿ ನೋಡಿದ್ದು.

ಬೆಳಕಿನದೇ ತೊಂದರೆ. ಒಂದು ಬೆಳಗ್ಗೆ ಅವಳು ಇಸ್ಪೀಟಿನ ನಾಲ್ವರನ್ನು ಕರೆದು, ಮಿಷನ್ನಿಗೆ ಹಗ್ಗ ಕಟ್ಟಿಸಿ, ಹಾಲೇಶಪ್ಪನ ಮನೆಯ ಕಟ್ಟೆಗೆ ಎಳೆಸಿಕೊಂಡಳು. ಹಾಲೇಶಪ್ಪನ ಹೆಂಡತಿ ಅವಳಿಗೆ ಮೂಲೆಯಲ್ಲಿ ಜಾಗ ಮಾಡಿಕೊಟ್ಟಳಂತೆ. ಹೋಗುವಾಗ ನನ್ನ ಕೈಗೆ ಟೀಚರು ಕೊಟ್ಟ ಅಡ್ವಾನ್ಸಿನ ಲಕೋಟೆ ಇಟ್ಟು, "ಬುಧವಾರ ಪಕ್ಕದ ಊರಿಗೆ ಹೋಗಿ ಬಟ್ಟೆ ತಂದುಬಿಡಿ. ಥಾನುಗಳ ಲೆಕ್ಕ ಚೀಟೀಲಿದೆ. ಮಿಷನ್ನು ಖಾಲಿ ಕೂರೋದು ಬೇಡ" ಎಂದಳು. ಬೀದಿಯ ಜನ ನನ್ನನ್ನು ನೋಡಿ ಮುಸಿಮುಸಿ ನಕ್ಕರು. ಹೆಂಡತಿ ಮೇಲೆ, ಗಂಡ ಕೆಳಗೆ ಎಂದು ಆಡಿಕೊಂಡರು. ನನಗೆ ತುಂಬ ಅವಮಾನವಾಯಿತು. ಖಾಲಿ ಕಿಟಕಿಯ ಕೆಳಗೆ ಮಿಷನ್ನಿನ ಕಾಲಿನ ನಾಲ್ಕು ಗುರುತು ನೋಡಿದಾಗಲೆಲ್ಲ, ಕೊಟ್ಟ ಮಾತು ತಪ್ಪಿದ್ದು ನೆನಪಾಗುತ್ತಿತ್ತು. ಹೇಗಾದರೂ ಆ ಕಿಟಕಿಗೆ ಬಿಸಿಲು ತರಬೇಕು ಎನ್ನುವುದೊಂದೇ ತಲೆಯಲ್ಲಿ ಕೂತಿತು.

ಬುಧವಾರ ಲಕೋಟೆ ಒಳಜೇಬಿನಲ್ಲಿಟ್ಟುಕೊಂಡು, ಬೀದಿ ಇಳಿದ ಮೇಲೆ ಮೇಲಕ್ಕೆ ಹೋಗಿಬರಲು ಹಾಕಿದ್ದ ಏಣಿ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸು ಬಂದಿರಲಿಲ್ಲ. ರೇಣುಕೇಶನ ಅಂಗಡಿಯ ಮುಂದೆ ಜನ ಬಾಯಿ ತೆರೆದುಕೊಂಡು ನಿಂತಿದ್ದರು. ಮುಂಬೆಳಗು ಮೂವತ್ತೊಂದರಿಂದ ಒಂದೇ ಬೆಳಗ್ಗೆ ಹತ್ತೊಂಬತ್ತಕ್ಕೆ ಬಿದ್ದಿತ್ತು. ಕಂಪನಿಯ ಯಂತ್ರಕ್ಕೆ ಎಲ್ಲರಿಗೂ ಏನು ಬೇಕೆಂದು ಗೊತ್ತಾಗಿತ್ತು, ಆ ಯಂತ್ರ ಮಾತ್ರ ಯಾರಿಗೂ ಬೇಕಾಗಿರಲಿಲ್ಲವಂತೆ. ಹಾಗೆಂದು ಪೇಪರಿನಲ್ಲಿ ಬಂದಿತ್ತು.

ರೇಣುಕೇಶ ನನ್ನನ್ನು ಕಂಡು ಒಳಗೆ ಕರೆದು ಕೂರಿಸಿ ಚಹಾ ತರಿಸಿದ. ಅವನ ಮನೆ ಎಷ್ಟು ಆಳಕ್ಕೆ ಹೋಗಿದೆ ಎಂದು ಅಳೆಯುವ ಭಾಗ್ಯ ನನಗೆ ಎಂದೂ ಸಿಕ್ಕಿಲ್ಲ. ಅವನಿರುವುದು ಪಕ್ಕದ ಊರಿನಲ್ಲಿ, ಅಲ್ಲಿ ಮನೆಗಳು ಕಟ್ಟಿದಲ್ಲೇ ಇರುತ್ತವಂತೆ.

"ಮಾರಿಬಿಡೋಣ ಅಂತಿದ್ದೀನಿ" ಎಂದೆ. ಹಾಗೆ ಹೇಳುವಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

"ಮಾರಿ ಅಣ್ಣ, ನಿಮ್ಮಿಷ್ಟ. ಮನೆ ಅಲ್ಲೇ ಕೂತುಬಿಡುತ್ತೆ. ಅಕ್ಕಾವ್ರ ಕಿಟಕಿಗೆ ಇನ್ನು ಜನ್ಮದಲ್ಲಿ ಬಿಸಿಲು ಬೀಳಲ್ಲ, ಅಷ್ಟೇ."

ನಾನು ಒಳಜೇಬಿನ ಲಕೋಟೆಯನ್ನು ಮುಟ್ಟಿ ನೋಡಿಕೊಂಡೆ.

"ಅದೇ ಇವತ್ತಿನ ರೇಟಿಗೆ ತಗೊಂಡ್ರೆ ಸಂಜೆಗೆ ಮೂರಡಿ ಏಳುತ್ತೆ. ಎದುರುಮನೆ ಸೂರು ದಾಟಿ ಬಿಸಿಲು ಬಂದೇ ಬರುತ್ತೆ. ಇದಕ್ಕಿಂತ ಕೆಳಗೆ ಹೋಗೋಕೆ ಜಾಗ ಎಲ್ಲಿದೆ ಹೇಳಿ?"

ನಾನು ಇಪ್ಪತ್ತೆರಡು ವರ್ಷದ ಅಳತೆಗಾರ. ಹತ್ತೊಂಬತ್ತರ ಕೆಳಗೆ ಇನ್ನೂ ಹತ್ತೊಂಬತ್ತು ರೂಪಾಯಿ ಜಾಗ ಇದೆ ಎಂದು ನನಗೆ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಕಿಟಕಿ. ಅವಳು ಮಿಷನ್ನು ಕೆಳಗಿಳಿಸಿಕೊಂಡು ಮತ್ತೆ ಅಲ್ಲಿ ಕೂತು, ದಾರವನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಬೆಳಕಿಗೆ ಹಿಡಿಯುವುದು ಕಣ್ಣಿಗೆ ಕಟ್ಟಿದಂತಾಯಿತು. ಒಂದು ವಾರದಲ್ಲಿ ಷೇರು ಏರಿಬಿಟ್ಟರೆ ಬಟ್ಟೆಯನ್ನೂ ತರಬಹುದು, ಮೇಲೆ ಒಂದಿಷ್ಟು ಉಳಿಯಲೂಬಹುದು ಎಂದುಕೊಂಡೆ. ಬಸ್ಸು ಬಂದು ಹಾರ್ನು ಹೊಡೆಯಿತು. ನಾನು ಲಕೋಟೆ ತೆಗೆದು ರೇಣುಕೇಶನ ಮೇಜಿನ ಮೇಲಿಟ್ಟೆ.

ಮೂರೂವರೆಗೆ ನಾನು ಮನೆಯಲ್ಲಿದ್ದೆ. ಅವತ್ತಿನ ಕುಸಿತಕ್ಕೆ ಬೀದಿಯೆಲ್ಲ ದಡಕ್ಕನೆ ಕೆಳಗಿಳಿಯಿತು, ಆಮೇಲೆ ನಮ್ಮ ಮನೆಯೊಂದೇ ಮೆಲ್ಲಗೆ ಮೇಲೆದ್ದಿತು. ಪಾತ್ರೆಗಳು ಗಲಗಲ ಎಂದವು. ಮೂರಡಿ ಆದ ಮೇಲೆ ನಿಂತಿತು. ಎದುರುಮನೆಯ ಸೂರಿನ ಮೇಲಿಂದ ಬಿಸಿಲು ಬಂದು ಕಿಟಕಿಯ ಸರಳು ದಾಟಿ, ಮಿಷನ್ನಿನ ಕಾಲಿನ ಗುರುತುಗಳ ಮೇಲೆ ಬಿತ್ತು. ನನಗಾದ ಸಂತೋಷವನ್ನು ಈಗ ನೆನಪಿಸಿಕೊಂಡರೂ ನಾಚಿಕೆಯಾಗುತ್ತದೆ. ಚಪ್ಪಲಿಯನ್ನೂ ಮೆಟ್ಟದೆ ಓಡಿ ಹೋಗಿ ನೂಲೇಣಿ ಹತ್ತಿದೆ.

ದಾಕ್ಷಾಯಣಿ ಹಾಲೇಶಪ್ಪನ ಕಟ್ಟೆಯ ಮೇಲೆ ಮಿಷನ್ನಿಗೆ ಎಣ್ಣೆ ಬಿಟ್ಟು, ಕತ್ತರಿ ಸಾಣೆ ಹಿಡಿಸಿ, ನೀಲಿ ದಾರ ಸುತ್ತಿದ ಬಾಬಿನ್ನುಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತಿದ್ದಳು. ನಾನು ಏದುಸಿರು ಬಿಡುತ್ತ, "ಬಾ ಬಾ, ಕಿಟಕಿಗೆ ಬಿಸಿಲು ಬಂದಿದೆ, ಮಿಷನ್ನು ಇಳಿಸೋಣ" ಎಂದೆ.

ಅವಳು ನನ್ನ ಕೈ ನೋಡಿದಳು, ಬೆನ್ನ ಹಿಂದೆ ನೋಡಿದಳು. "ಬಟ್ಟೆ ಎಲ್ಲಿ?"

ನಾನು ಕೆಳಗೆ ನಮ್ಮ ಮನೆಯನ್ನು ತೋರಿಸಿದೆ. ಬೀದಿಯ ಎಲ್ಲ ಮನೆಗಳ ನಡುವೆ ಅದೊಂದೇ ಕತ್ತು ಎತ್ತಿಕೊಂಡು ನಿಂತಿತ್ತು. ಮೇಲಿನಿಂದ ನೋಡಿದಾಗಲೇ ನನಗೆ ತಿಳಿದದ್ದು, ಬೀದಿ ತೆಂಗಿನಮರದಷ್ಟು ಆಳದಲ್ಲಿತ್ತು. ಆ ಆಳದಲ್ಲಿ ನಾನು ತಂದ ಮೂರಡಿ ಎಲ್ಲಿದೆ ಎಂದು ಹುಡುಕಿ ನೋಡಬೇಕಾಗಿತ್ತು.

ಅವಳಿಗೆ ಅರ್ಥವಾಯಿತು. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಅವಳು ಬಾಬಿನ್ನುಗಳನ್ನು ಒಂದೊಂದಾಗಿ ಡಬ್ಬಿಯೊಳಕ್ಕೆ ಹಾಕಿ ಮುಚ್ಚಳ ಮುಚ್ಚಿದಳು.

"ಎಷ್ಟು ಎದ್ದಿದೆ?" ಎಂದು ಕೇಳಿದಳು.

"ಮೂರಡಿ."

"ಹಾಗಾದ್ರೆ ಆ ಮೂರಡಿಯಲ್ಲೇ ಇನ್ನೂರು ಮಕ್ಕಳಿಗೆ ಲಂಗ ಕತ್ತರಿಸಿ ಕೊಡಿ. ನಾನು ಹೊಲಿದು ಕೊಡ್ತೀನಿ."

ಹಾಲೇಶಪ್ಪ ಒಳಗೆ ಹೋಗಿಬಿಟ್ಟ, ಅವನ ಹೆಂಡತಿಯೂ ಹೋದಳು. ದಾಕ್ಷಾಯಣಿ ಮಿಷನ್ನಿನ ಡ್ರಾಯರಿನಿಂದ ಮಕ್ಕಳ ಅಳತೆಯ ಪಟ್ಟಿ ತೆಗೆದು ನನ್ನ ಕೈಗಿಟ್ಟಳು. "ಟೀಚರಿಗೆ ನೀವೇ ಹೋಗಿ ಹೇಳಿ. ಅಳತೆ ತಗೊಂಡಿದ್ದು ದಂಡವಾಗಬಾರದು, ಬೇರೆ ಟೈಲರಿಗೆ ಕೊಡಲಿ" ಎಂದಳು.

ಕೆಳಗಿಳಿದಾಗ ನಮ್ಮ ಮನೆಯ ಮುಂದೆ ಅರ್ಧ ಬೀದಿ ಸೇರಿತ್ತು. ನನ್ನನ್ನು ಕಂಡು ದಾರಿ ಬಿಟ್ಟರು. ಅಧ್ಯಕ್ಷರೇ ಮುಂದೆ ಬಂದು, "ಎಷ್ಟಕ್ಕೆ ತಗೊಂಡ್ರಿ ತಿಪ್ಪೇಸ್ವಾಮಿ?" ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಹತ್ತೊಂಬತ್ತಕ್ಕೆ ಎಂದೆ. ತಕ್ಷಣ ಎಲ್ಲರೂ ಬಸ್ ಸ್ಟ್ಯಾಂಡಿನ ಏಣಿಯ ಕಡೆಗೆ ಓಡಿದರು, ಮುಂದಿನ ಬೆಳಗ್ಗೆಗೆ ಈಗಲೇ ಸಾಲು ಹಿಡಿಯಲು. ಬೇಡ ಎಂದು ಕೂಗಲು ನನ್ನ ಬಾಯಿ ಏಳಲಿಲ್ಲ.

ಟೀಚರ ಮನೆಯ ಕಡೆಗೆ ನಡೆಯುತ್ತ ಪಟ್ಟಿಯನ್ನು ಬಿಡಿಸಿ ಓದಿದೆ. ಮೊದಲ ಪುಟದಲ್ಲಿ ಭಾಗ್ಯಲತಾ, ಸೊಂಟ ಇಪ್ಪತ್ತೆರಡು, ಉದ್ದ ಇಪ್ಪತ್ತು. ರುಕ್ಸಾನಾ, ಸೊಂಟ ಇಪ್ಪತ್ತು, ಉದ್ದ ಹದಿನೆಂಟೂವರೆ, ಪಕ್ಕದಲ್ಲಿ ಸಣ್ಣಗೆ: ಬೇಗ ಬೆಳೀತಿದ್ದಾಳೆ, ಮಡಿಕೆ ಎರಡು ಇಂಚು ಬಿಡಬೇಕು. ಕೆಂಚವ್ವ, ಒಂದು ಭುಜ ಸ್ವಲ್ಪ ಕೆಳಗೆ, ಅಂಗಿ ನೋಡಿಕೊಂಡು ಹೊಲಿಯಬೇಕು, ಅವಳಿಗೆ ಹೇಳಬಾರದು. ಹೀಗೆ ಇನ್ನೂರು. ಅದರಲ್ಲಿ ಒಂದೂ ಸುಳ್ಳು ಅಳತೆ ಇರಲಿಲ್ಲ. ನನಗೆ ಅಳು ಬಂತು. ಬೀದಿಯಲ್ಲಿ ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಅತ್ತು, ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು ಟೀಚರ ಮನೆಯ ಬಾಗಿಲು ತಟ್ಟಿದೆ.